ಅಮೆರಿಕದಲ್ಲಿ ಶಾಲಾ ಖರೀದಿಗೆ ‘ತೆರಿಗೆ ರಜೆ’

ಬೇಸಿಗೆ ರಜೆ ಮುಗಿದು ಶಾಲೆಗಳು ಪುನರಾರಂಭವಾಗುವ ಹೊತ್ತಿಗೆ ಅಮೆರಿಕದ ಹಲವು ರಾಜ್ಯಗಳು ಬಟ್ಟೆ, ಪಾದರಕ್ಷೆ ಹಾಗೂ ಶಾಲಾ ಸಾಮಗ್ರಿಗಳ ಮೇಲಿನ ಮಾರಾಟ ತೆರಿಗೆಯನ್ನು ಕೆಲವು ದಿನಗಳ ಮಟ್ಟಿಗೆ ಕೈಬಿಡುತ್ತವೆ. ಇದನ್ನು ಅಲ್ಲಿ ‘ಸೇಲ್ಸ್ ಟ್ಯಾಕ್ಸ್ ಹಾಲಿಡೇ’ ಎನ್ನುತ್ತಾರೆ.

ನಮ್ಮಲ್ಲಿ ಎಂಆರ್‌ಪಿಯಲ್ಲೇ ತೆರಿಗೆ ಸೇರಿರುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬಿಲ್ ಮಾಡುವಾಗ ತೆರಿಗೆಯನ್ನು ಪ್ರತ್ಯೇಕವಾಗಿ ಸೇರಿಸಲಾಗುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯದ ತೆರಿಗೆ ಶೇ 6.25. ಸ್ಥಳೀಯ ತೆರಿಗೆಗಳೂ ಸೇರಿದರೆ ಗರಿಷ್ಠ ಶೇ 8.25. ಈ ದರದಲ್ಲಿ 400 ಡಾಲರ್ ಮೌಲ್ಯದ ಅರ್ಹ ಸರಕು ಕೊಳ್ಳುವ ಕುಟುಂಬಕ್ಕೆ 33 ಡಾಲರ್ ಉಳಿಯುತ್ತದೆ.

ಹಿನ್ನೆಲೆ

ಬಟ್ಟೆಗೆ ತೆರಿಗೆಯಿಲ್ಲದ ನೆರೆಯ ನ್ಯೂಜೆರ್ಸಿಗೆ ಗ್ರಾಹಕರು ಹೋಗುತ್ತಿದ್ದುದನ್ನು ತಡೆಯಲು ನ್ಯೂಯಾರ್ಕ್ ರಾಜ್ಯವು 1997ರ ಜನವರಿಯಲ್ಲಿ ಒಂದು ವಾರ ಈ ವಿನಾಯಿತಿ ನೀಡಿತು. 1998ರಲ್ಲಿ ಫ್ಲೋರಿಡಾ, 1999ರಲ್ಲಿ ಟೆಕ್ಸಾಸ್ ಇದನ್ನು ಆಗಸ್ಟ್ ತಿಂಗಳ ಖರೀದಿಗೆ ಅಳವಡಿಸಿಕೊಂಡವು. ಫ್ಲೋರಿಡಾ 2025ರಲ್ಲಿ ಕಾನೂನು ತಂದು, ಪ್ರತಿವರ್ಷ ಇಡೀ ಆಗಸ್ಟ್ ತಿಂಗಳನ್ನೇ ಇದಕ್ಕೆ ಮೀಸಲಿಟ್ಟಿದೆ.

ಮಿತಿಯೇ ಮುಖ್ಯ

ಟೆಕ್ಸಾಸ್‌ನಲ್ಲಿ ಆಗಸ್ಟ್‌ನ ಒಂದು ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ಮಾತ್ರ ರಜೆ. 100 ಡಾಲರ್‌ಗಿಂತ ಕಡಿಮೆ ಬೆಲೆಯ ಬಹುತೇಕ ಬಟ್ಟೆ, ಪಾದರಕ್ಷೆ, ಶಾಲಾ ಸಾಮಗ್ರಿ ಮತ್ತು ವಿದ್ಯಾರ್ಥಿಗಳ ಬೆನ್ನುಚೀಲಗಳಿಗೆ ವಿನಾಯಿತಿ ಉಂಟು. ಮಿತಿಯನ್ನು ಲೆಕ್ಕ ಹಾಕುವುದು ಪ್ರತಿ ವಸ್ತುವಿಗೆ. ಬಿಲ್‌ನ ಒಟ್ಟು ಮೊತ್ತಕ್ಕಲ್ಲ. ಹೀಗಾಗಿ 80 ಡಾಲರ್‌ನ ಎರಡು ಅಂಗಿಗಳಿಗೆ ತೆರಿಗೆಯಿಲ್ಲ. 110 ಡಾಲರ್‌ನ ಒಂದೇ ಅಂಗಿಗೆ ಪೂರ್ಣ 110 ಡಾಲರ್ ಮೇಲೂ ತೆರಿಗೆ ಬೀಳುತ್ತದೆ. ಜೋಡಿ ಶೂಗಳನ್ನು ಒಂದೊಂದಾಗಿ ಬಿಲ್ ಮಾಡಿಸಿ ಮಿತಿಯೊಳಗೆ ತರುವಂತಿಲ್ಲ.

ಆನ್‌ಲೈನ್ ಖರೀದಿಗೂ ವಿನಾಯಿತಿ ಅನ್ವಯಿಸುತ್ತದೆ. ಆದರೆ ಸಾಗಣೆ ವೆಚ್ಚವೂ ಬೆಲೆಯ ಭಾಗವೇ. 95 ಡಾಲರ್‌ನ ಜೀನ್ಸ್‌ಗೆ 10 ಡಾಲರ್ ಸಾಗಣೆ ವೆಚ್ಚ ಸೇರಿದರೆ ಬೆಲೆ 105 ಡಾಲರ್ ಆಗಿ ವಿನಾಯಿತಿ ಕೈತಪ್ಪುತ್ತದೆ. ಕಂಪ್ಯೂಟರ್ ಮತ್ತು ಪಠ್ಯಪುಸ್ತಕಗಳಿಗೆ ಟೆಕ್ಸಾಸ್‌ನಲ್ಲಿ ಈ ರಿಯಾಯಿತಿ ಇಲ್ಲ. ಫ್ಲೋರಿಡಾದಲ್ಲಿ 1,500 ಡಾಲರ್‌ವರೆಗಿನ, ವೈಯಕ್ತಿಕ ಬಳಕೆಯ ಕಂಪ್ಯೂಟರ್‌ಗಳಿಗೂ ಇದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗ ಪೋಷಕರೂ ಆಯಾ ರಾಜ್ಯದ ಪಟ್ಟಿಯನ್ನು ನೋಡಿಯೇ ಖರೀದಿಗೆ ಹೊರಡುವುದು ಲೇಸು.

ಪರ-ವಿರೋಧ

ಮಕ್ಕಳು ಹೆಚ್ಚಿರುವ, ಆದಾಯ ಕಡಿಮೆಯಿರುವ ಮನೆಗಳಿಗೆ ಇದು ಆಸರೆ ಎಂಬುದು ಬೆಂಬಲಿಗರ ವಾದ. ವಿನಾಯಿತಿಗೆ ಆದಾಯದ ಮಿತಿ ಇಲ್ಲದಿರುವುದರಿಂದ ಉಳ್ಳವರಿಗೂ ಅಷ್ಟೇ ಲಾಭ, ಆ ದಿನಗಳಲ್ಲಿ ಕೈಯಲ್ಲಿ ಹಣವಿಲ್ಲದವರಿಗೆ ಏನೂ ಇಲ್ಲ ಎಂದು ಟೀಕಾಕಾರರು ಹೇಳುತ್ತಾರೆ. ಜನ ಹೆಚ್ಚು ಕೊಳ್ಳುವುದಿಲ್ಲ, ಹೇಗೂ ಕೊಳ್ಳಬೇಕಿದ್ದುದನ್ನು ಆ ದಿನಗಳಿಗೆ ಮುಂದೂಡುತ್ತಾರೆ ಎಂಬ ಆಕ್ಷೇಪವೂ ಇದೆ. ಉತ್ತರ ಕೆರೊಲಿನಾ 2014ರಲ್ಲಿ ಇದನ್ನು ರದ್ದುಪಡಿಸಿತು. ಜಾರ್ಜಿಯಾದಲ್ಲಿ ಕೊನೆಯ ಬಾರಿಗೆ ಈ ರಜೆ ಇದ್ದುದು 2016ರಲ್ಲಿ.

ಅಂಗಡಿಯು ಎಂದಿನ ರಿಯಾಯಿತಿಯನ್ನು ಆ ದಿನಗಳಲ್ಲಿ ಕಡಿತಗೊಳಿಸಿದರೆ ಶೇ 8ರ ಉಳಿತಾಯ ಅಲ್ಲಿಯೇ ಕರಗಿಹೋಗುತ್ತದೆ. ರಜೆಗೆ ಮುಂಚೆಯೇ ಬೆಲೆಗಳನ್ನು ಗುರುತು ಹಾಕಿಕೊಂಡವರಿಗೆ ಮಾತ್ರ ಅದು ಗೊತ್ತಾಗುತ್ತದೆ.