ಧಾರಾವಾಹಿಯೂ ಪ್ರೇಕ್ಷಕರ ತೀರ್ಪೂ

1998ರಲ್ಲಿ ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಇವರು ನಿರ್ದೇಶಿಸಿದ ‘ಮಾಯಾಮೃಗ’ ಧಾರಾವಾಹಿ ದೂರದರ್ಶನದಲ್ಲಿ ಬರುತ್ತಿದ್ದಾಗ ನಾನು ಜಯನಗರದ ನಿವಾಸಿ. ಅದರ ವೇಳೆ ಇಳಿಹೊತ್ತು, ದುಡಿಯುವವರು ಇನ್ನೂ ಕಚೇರಿಯಲ್ಲಿರುವ ಸಮಯ. ಆದಕಾರಣ ಅದರ ಮೊದಲ ವಿಮರ್ಶಕರು ಗೃಹಿಣಿಯರು ಮತ್ತು ನಿವೃತ್ತರು. ಮರುದಿನ ತರಕಾರಿ ಗಾಡಿಯ ಮುಂದೆ, ಯಾವ ಮಗಳು ಮಾಡಿದ್ದು ಸರಿ, ಯಾವ ತಂದೆ ಬಾಯಿಬಿಡಬೇಕಿತ್ತು ಎಂದು ವಾದ ನಡೆಯುತ್ತಿತ್ತು. ಇದು ಕಾಡುಹರಟೆ ಎಂದು ನಕ್ಕವರೂ ಉಂಟು.

ನನಗೆ ಹಾಗೆನಿಸದು. ಹರಿಕಥೆ ಕೇಳುವವರಿಗೆ ಕೊನೆ ಗೊತ್ತಿರುತ್ತದೆ. ಸೀತೆ ಕಾಡಿಗೆ ಹೋಗುವಾಗ ಅಳಬಹುದಲ್ಲದೆ ತಡೆಯುವಂತಿಲ್ಲ. ಕಂತುಕಂತಾಗಿ ಬೆಳೆಯುವ ಕಥೆಯಾದರೋ ಕೇಳುವವರನ್ನು ಪಂಚಾಯಿತಿಗೆ ಕೂರಿಸುತ್ತದೆ. 1841ರ ಹೊತ್ತಿಗೆ ಇಂಗ್ಲೆಂಡಿನ ಓದುಗರು ‘ಪುಟ್ಟ ನೆಲ್’ಳನ್ನು ಬದುಕಿಸೆಂದು ಡಿಕನ್ಸನಿಗೆ ಪತ್ರ ಬರೆದು ಬೇಡಿಕೊಂಡರು, ಆತ ಒಪ್ಪಲಿಲ್ಲ. 1984ರಲ್ಲಿ ಆರಂಭವಾದ ‘ಹಮ್ ಲೋಗ್’ಗೆ ಲಕ್ಷಗಟ್ಟಲೆ ಪತ್ರಗಳು ಬಂದವು. ಸೀತಾರಾಂ ಅವರಂತೂ ‘ಮುಕ್ತ ಮುಕ್ತ’ದ ಕಾಲದಲ್ಲಿ ಸಂವಾದಗಳನ್ನೇರ್ಪಡಿಸಿ ಪ್ರೇಕ್ಷಕರ ಎದುರಿಗೇ ನಿಂತರು. 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದದ್ದೂ ಹಳೆಯ ನಂಟು ಕಡಿದಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಈ ಚರ್ಚೆಯ ಬೆಲೆ ಬೇರೊಂದು ಕಡೆ ಇದೆ. ತನ್ನ ಮನೆಯ ಸಂಕಟವನ್ನು ನೆರೆಯವರ ಮುಂದೆ ಆಡಲಾರದ ಹೆಂಗಸು, ಅದನ್ನು ತೆರೆಯ ಮೇಲಿನ ಸೊಸೆಯ ಹೆಸರಿನಲ್ಲಿ ಆಡಬಲ್ಲಳು. ಗಂಡನ ಮೌನ, ಅತ್ತೆಯ ಹಟ, ಮಗಳ ಉದ್ಯೋಗ, ಎಲ್ಲಕ್ಕೂ ಅಲ್ಲಿ ತೀರ್ಪು ಸಿಗುತ್ತಿತ್ತು. ನಮ್ಮ ಬಡಾವಣೆಗಳ ಚರಿತ್ರೆ ಬರೆಯುವವರು ನಿವೇಶನಗಳ ಲೆಕ್ಕದ ಜೊತೆಗೆ ಈ ತೀರ್ಪುಗಳನ್ನೂ ಕೇಳಿ ಬರೆದಿಡಲಿ. ಅವುಗಳನ್ನು ಕೊಟ್ಟವರು ಇನ್ನೂ ನಮ್ಮ ನಡುವೆ ಇದ್ದಾರೆ.