ಅಜ್ಜಿ ಮನೆ ರೆಗ್ಯುಲೇಟರೂ ನಮ್ಮ ಕಾರಿನ ಫ್ಯಾನೂ

ಹೋದ ಆಷಾಢದಲ್ಲಿ ತಂಗಿ ಮಗಳನ್ನ ತವರಿಗೆ ಕರ್ಕೊಂಡು ಬರೋಕೆ ಮಡಿಕೇರಿಗೆ ಹೋಗಿದ್ವಲ್ಲ, ದಾರೀಲಿ ಏನಾಯ್ತು ಅಂತ ನೀವೆಲ್ಲ ಕೇಳ್ತಾನೇ ಇದೀರ. ಫೋನಲ್ಲಿ ಅರ್ಧಂಬರ್ಧ ಹೇಳಿದ್ದೆ. ಇವತ್ತು ಪೂರ್ತಿ ಬರೀತೀನಿ, ಯಾಕಂದ್ರೆ ಆಮೇಲೆ ನಂಗೆ ಗೊತ್ತಾದ ವಿಷಯ ಆ ದಾರಿಗಿಂತ ದೊಡ್ಡದು.

ಹೊರಡೋಕೆ ಒಂದು ವಾರ ಮುಂಚೆಯಿಂದ್ಲೇ ಕಾರಿನ ಫ್ಯಾನು ಹಟ ಹಿಡಿದಿತ್ತು. ಒಂದು, ಎರಡು, ಮೂರನೇ ನಂಬರಿಗೆ ತಿರುಗಿಸಿದ್ರೆ ಉಸಿರಿಲ್ಲ. ನಾಲ್ಕಕ್ಕೆ ಇಟ್ರೆ ಮಾತ್ರ ಬಿರುಗಾಳಿ ಥರ ಭೋರ್ ಅಂತ ಬೀಸೋದು. 'ಬೀಸ್ತಿದೆಯಲ್ಲ, ಸಾಕು' ಅಂದ್ರು ನಮ್ಮ ಮನೆಯವರು. ಹುಣಸೂರು, ಪಿರಿಯಾಪಟ್ಟಣ ದಾಟೋವರೆಗೂ ತೊಂದರೆ ಆಗ್ಲಿಲ್ಲ. ಕುಶಾಲನಗರ ಬಿಟ್ಟು ಸುಂಟಿಕೊಪ್ಪದ ಹತ್ರ ಬಂದಾಗ ಜಡಿಮಳೆ. ಕಿಟಕಿ ಮುಚ್ಚಿದ್ವಿ. ನಾಲ್ಕು ಜನರ ಉಸಿರಿಗೆ ಮುಂದಿನ ಗಾಜು ಒಳಗಡೆಯಿಂದ ಮಬ್ಬಾಗಿ ಹೋಯ್ತು. ಫ್ಯಾನು ನಾಲ್ಕಕ್ಕೆ ಇಟ್ರೆ ಗಾಜು ಬಿಳಿಯಾಗತ್ತೆ, ಆದ್ರೆ ಹಿಂದೆ ಕೂತಿದ್ದ ಅಮ್ಮನಿಗೆ ಆ ಗಾಳಿಗೆ ವೀಸಿಂಗ್ ಶುರು. ಆರಿಸಿದ್ರೆ ಅಮ್ಮ ಸರಿಹೋಗ್ತಾಳೆ, ಎದುರಿಗೆ ಬರೋ ಬಸ್ಸು ಕಾಣಲ್ಲ. ಕೊನೆಗೆ ಒಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಮಳೆ ನಿಲ್ಲೋವರೆಗೂ ಮುಕ್ಕಾಲು ಗಂಟೆ ಕೂತ್ವಿ. ಅಮ್ಮನ ಬೆನ್ನು ಸವರ್ತಾ ನಾನು ಅಂದ್ಕೊಂಡೆ: ಇದನ್ನ ಸರಿ ಮಾಡಿಸ್ದೆ ಇನ್ನೊಂದು ಸಲ ಈ ಕಾರು ಹತ್ತಲ್ಲ.

ಮೈಸೂರಿಗೆ ಬಂದ್ಮೇಲೆ ಒಂದು ಗ್ಯಾರೇಜಿಗೆ ಹೋದ್ವಿ. ಹುಡುಗ ಸ್ವಿಚ್ಚು ನಾಲ್ಕು ಸಲ ತಿರುಗಿಸಿ, 'ಮೋಟರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, 12,000 ಆಗತ್ತೆ' ಅಂದ. ನಾಲ್ಕರಲ್ಲಿ ಓಡ್ತಿದೆಯಲ್ಲಪ್ಪ ಮೋಟರು, ಸತ್ತಿದ್ರೆ ಹೆಂಗೆ ಓಡತ್ತೆ ಅಂತ ಕೇಳ್ದೆ. 'ಅದು ನಿಮಗೆ ಗೊತ್ತಾಗಲ್ಲ ಬಿಡಿ ಮೇಡಂ' ಅಂದ. ಆ ಮಾತು ನಂಗೆ ಚುಚ್ಚಿತು ಕಣ್ರೇ. ಯಾಕಂದ್ರೆ ಇಂಥದ್ದೇ ಕಾಯಿಲೆ ನಾನು ಚಿಕ್ಕವಳಿದ್ದಾಗ ಅಗ್ರಹಾರದ ಅಜ್ಜಿ ಮನೇಲಿ ನೋಡಿದ್ದೆ.

ನಿಮಗೂ ನೆನಪಿರಬೇಕು. ಗೋಡೆ ಮೇಲೆ ಇಟ್ಟಿಗೆ ಗಾತ್ರದ ಕಪ್ಪು ಡಬ್ಬಿ, ಅದಕ್ಕೊಂದು ದಪ್ಪ ಗುಬುಟು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್. ಮುಟ್ಟಿದ್ರೆ ಬೆಚ್ಚಗಿರೋದು. ಒಂದು ಬೇಸಿಗೇಲಿ ಅದು ಐದರಲ್ಲಿ ಮಾತ್ರ ಓಡೋಕೆ ಶುರು ಮಾಡ್ತು. ಸೋದರಮಾವ ಮೇನ್ ಆಫ್ ಮಾಡಿ ಡಬ್ಬಿ ಬಿಚ್ಚಿ ತೋರಿಸಿದ್ರು: ಒಳಗೆ ತಂತಿ ಸುರುಳಿ, ಒಂದು ಕಡೆ ಸುಟ್ಟು ತುಂಡಾಗಿತ್ತು. 'ಫ್ಯಾನಿಗೆ ಏನೂ ಆಗಿಲ್ಲ. ಐದರಲ್ಲಿ ಕರೆಂಟು ಸೀದಾ ಹೋಗತ್ತೆ. ಮಿಕ್ಕ ನಂಬರಿನಲ್ಲಿ ಈ ಸುರುಳಿ ಹಾದು ಹೋಗ್ಬೇಕು, ಇದೇ ತುಂಡಾಗಿದೆ' ಅಂದಿದ್ರು. ಫ್ಯಾನು ನಿಧಾನ ಮಾಡ್ಬೇಕಾದ್ರೆ ಒಂದಿಷ್ಟು ಕರೆಂಟನ್ನ ದಾರೀಲೇ ಶಾಖ ಮಾಡಿ ಕಳೀಬೇಕು, ಅದಕ್ಕೇ ಡಬ್ಬಿ ಬೆಚ್ಚಗಿರೋದು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂದ್ಮೇಲೆ ಆ ಡಬ್ಬಿಗಳು ಗೋಡೆಯಿಂದ ಇಳಿದು ಹೋದ್ವು. ಆದ್ರೆ ಎಷ್ಟೋ ಕಾರುಗಳ ಹೊಟ್ಟೇಲಿ ಅದೇ ಸುರುಳಿ ಇನ್ನೂ ಇದೆ. ರೆಸಿಸ್ಟರ್ ಅಂತಾರೆ.

ಇಲ್ಲಿಂದ ನಂಗೆ ಹುಚ್ಚು ಹಿಡೀತು. ಈ ಗಾಳಿ, ಈ ತಂಪು, ಈ ಸುರುಳಿ ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತೆ.

ಕರೆಂಟಿನ ಟೇಬಲ್ ಫ್ಯಾನು ಮಾಡಿದ್ದು 1880ರ ದಶಕದಲ್ಲಿ, ಅಮೆರಿಕದ ಸ್ಕೈಲರ್ ವೀಲರ್ ಅನ್ನೋರು. ಅದು ನಮ್ಮ ಕಡೆ ತಿರುಗೋಕೆ ಮೊದಲು ಕರೆಂಟು ಬರಬೇಕಲ್ಲ. ಅದು ಬಂದಿದ್ದು ಶಿವನಸಮುದ್ರದಿಂದ. 1902ರ ಜೂನ್ 30ಕ್ಕೆ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕಳಿಸಿದ್ರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು ಅದು, ಆದ್ರೆ ಅದನ್ನ ನೋಡೋ ಮುಂಚೆ, 1901ರಲ್ಲೇ ತೀರಿಕೊಂಡ್ರು. ಇನ್ನೊಂದು ವಿಷಯ ನಾವು ಹೆಂಗಸರು ನೆನಪಿಟ್ಕೋಬೇಕು: ಆ ದಿನ ಮೈಸೂರನ್ನ ಆಳ್ತಿದ್ದಿದ್ದು ಒಬ್ಬ ಹೆಂಗಸು. ನಾಲ್ವಡಿಯವರಿಗೆ ಇನ್ನೂ ಅಧಿಕಾರ ಬಂದಿರ್ಲಿಲ್ಲ, ಅದು ಬಂದಿದ್ದು ಆಗಸ್ಟಿನಲ್ಲಿ. 1895ರಿಂದ ಅಲ್ಲೀವರೆಗೂ ರೀಜೆಂಟ್ ಆಗಿದ್ದೋರು ಅವರ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಕರೆಂಟು ಬೆಂಗಳೂರಿಗೆ 1905ರಲ್ಲಿ, ನಮ್ಮ ಮೈಸೂರಿಗೆ 1908ರಲ್ಲಿ ಬಂತು. ಅಲ್ಲೀವರೆಗೂ ಬೀಸಣಿಗೆ, ಲಾವಂಚದ ತಡಿಕೆ, ದೊಡ್ಡ ಮನೆಗಳಲ್ಲಿ ಹಗ್ಗ ಎಳೆದು ಬೀಸೋ ಪಂಖಾ.

ಅದೇ 1902ರ ಜುಲೈನಲ್ಲಿ, ಅಂದ್ರೆ ಶಿವನಸಮುದ್ರದ ಕರೆಂಟು ಹೊರಟ ಮೂರು ವಾರದೊಳಗೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಕಂಪನಿಗಾಗಿ ವಿಲ್ಲಿಸ್ ಕ್ಯಾರಿಯರ್ ಅನ್ನೋ ಹುಡುಗ ಎಂಜಿನಿಯರ್ ಏರ್ ಕಂಡೀಷನಿಂಗಿನ ನಕ್ಷೆ ಬರೆದ. ಯಾರನ್ನೋ ತಣ್ಣಗೆ ಮಾಡೋಕೆ ಅಲ್ಲ! ಅದೊಂದು ಪ್ರಿಂಟಿಂಗ್ ಪ್ರೆಸ್ಸು. ಮಳೆಗಾಲದಲ್ಲಿ ನಮ್ಮ ಹಪ್ಪಳ ಮೆತ್ತಗಾಗತ್ತಲ್ಲ, ಹಂಗೆ ಅವರ ಕಾಗದ ತೇವ ಹೀರಿ ಹಿಗ್ತಿತ್ತು, ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರ್ತಿರ್ಲಿಲ್ಲ. ಗಾಳೀಲಿರೋ ತೇವ ತೆಗೆಯೋಕೆ ಅಂತ ಹುಟ್ಟಿದ್ದು ಎ.ಸಿ. ಸುಂಟಿಕೊಪ್ಪದ ಗಾಜಿನ ಮಬ್ಬಿಗೂ ಅದೇ ಮದ್ದು. ಮಳೇಲಿ ಎ.ಸಿ ಯಾಕೆ, ಚಳಿ ಅಲ್ವಾ ಅಂತ ನಾವು ಆರಿಸ್ತೀವಿ. ಆರಿಸಬಾರದು. ಎ.ಸಿ ತೇವ ಹಿಂಡತ್ತೆ, ಹೀಟರ್ ಬೆಚ್ಚಗೆ ಮಾಡತ್ತೆ, ಎರಡೂ ಸೇರಿ ಗಾಜು ಬಿಡಿಸತ್ತೆ.

ಕಾರಿನ ಹೀಟರಿಗೆ ಬೇರೆ ಒಲೆ ಇಲ್ಲ. ಎಂಜಿನ್ನಿಂದ ಬರೋ ಬಿಸಿನೀರನ್ನೇ ಒಂದು ಪುಟ್ಟ ಜಾಲರಿಗೆ ಬಿಟ್ಟಿರ್ತಾರೆ, ಬಚ್ಚಲು ಒಲೆ ಕೆಂಡದಲ್ಲಿ ಗೆಣಸು ಸುಟ್ಟ ಹಾಗೆ, ಪುಕ್ಕಟೆ ಶಾಖ. ಎ.ಸಿ ಜಾಲರಿ ಪಕ್ಕದಲ್ಲೇ ಇರತ್ತೆ. ಎರಡಕ್ಕೂ ಫ್ಯಾನು ಒಂದೇ. ಅದು ನಿಂತ್ರೆ ಬಿಸೀನೂ ಇಲ್ಲ, ತಂಪೂ ಇಲ್ಲ. 1938ರಲ್ಲಿ ನ್ಯಾಶ್ ಅನ್ನೋ ಅಮೆರಿಕದ ಕಾರಿನವರು ಹೊರಗಿನ ಗಾಳೀನ ಸೋಸಿ, ಬಿಸಿ ಮಾಡಿ ಒಳಗೆ ಬಿಡೋ ವ್ಯವಸ್ಥೆ ತಂದ್ರು. 1940ರ ಪ್ಯಾಕಾರ್ಡ್ ಕಾರಿಗೆ ಎ.ಸಿ ಬಂತು, ಅದೂ ಡಿಕ್ಕಿಯ ಅರ್ಧ ನುಂಗೋ ಅಷ್ಟು ದೊಡ್ಡದು. ಅದನ್ನ ಹೆಚ್ಚುಕಮ್ಮಿ ಮಾಡೋಕೆ ಇದ್ದಿದ್ದು ಫ್ಯಾನಿನ ಸ್ವಿಚ್ಚು ಒಂದೇ. ಪೂರ್ತಿ ಆರಿಸ್ಬೇಕು ಅಂದ್ರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟು ಬಿಚ್ಬೇಕಿತ್ತು!

ನಮ್ಮ ಅಂಬಾಸಡರು, ಫಿಯೆಟ್ಟಿನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮುಂದಿನ ಬಾಗಿಲಿನ ತ್ರಿಕೋನದ ಪುಟ್ಟ ಗಾಜು ತಿರುಗಿಸಿದ್ರೆ ಗಾಳಿ. ಟ್ಯಾಕ್ಸಿಯವರು ಅಂಗೈ ಅಗಲದ ಫ್ಯಾನೊಂದನ್ನ ಎದುರಿಗೆ ಸ್ಕ್ರೂ ಹಾಕಿ ಕೂರಿಸ್ಕೊಳ್ತಿದ್ರು. ಮಾರುತಿ 800 ರಸ್ತೆಗೆ ಬಂದಿದ್ದು 1983ರ ಡಿಸೆಂಬರಿನಲ್ಲಿ. ಎ.ಸಿ ಕಾರು ಅನ್ನೋ ಮಾತು ನಮ್ಮಂಥ ಮನೆಗಳಿಗೆ ಬಂದಿದ್ದು ಅದಾದ್ಮೇಲೆ.

ಇಷ್ಟು ತಿಳ್ಕೊಂಡು, ನಮ್ಮ ಬೀದಿ ತುದೀಲಿರೋ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋಗಿ, 'ರೆಸಿಸ್ಟರ್ ಒಂದು ನೋಡಪ್ಪ' ಅಂದೆ. ಅವನು ನನ್ನ ಮುಖ ನೋಡ್ದ. ಕೀ ತೆಗೆದು, ಎಡಗಡೆ ಸೀಟಿನ ಕಾಲಿನ ಹತ್ರ ಬಗ್ಗಿ, ಎರಡು ಸ್ಕ್ರೂ ಬಿಚ್ಚಿ ಅಂಗೈ ಮೇಲಿಟ್ಟ. ಪುಟ್ಟ ಪ್ಲೇಟು, ಅದರಲ್ಲಿ ಸುರುಳಿಗಳು, ಮಧ್ಯೆ ಕರಗಿ ಹೋದ ಫ್ಯೂಸು. ಸೋದರಮಾವನ ಡಬ್ಬಿಯ ಮೊಮ್ಮಗ!

ಯಾಕೆ ಕರಗಿತು ಅಂತ ಕೇಳಿದ್ದಕ್ಕೆ ಫ್ಯಾನನ್ನೇ ಹೊರಗೆ ತೆಗೆದ. ಒಳಗೆ ಒಂದು ಬೊಗಸೆ ಹೊಂಗೆ ಹೂವು, ಧೂಳು ಸೇರಿ ಹೆಪ್ಪುಗಟ್ಟಿತ್ತು. ಮನೆ ಮುಂದಿನ ಹೊಂಗೆ ಮರದ ಕೆಳಗೇ ಅಲ್ವಾ ನಾವು ಕಾರು ನಿಲ್ಲಿಸೋದು! ವೈಪರ್ ಬುಡದ ಕಿಂಡಿಯಿಂದ ಹೂವು ಇಳಿದಿದೆ. 1938ರ ಕಾರಲ್ಲಿದ್ದ ಸೋಸೋ ಫಿಲ್ಟರು ನಮ್ಮ ಕಾರಲ್ಲಿಲ್ಲ. ಆ ಸುರುಳೀನ ಬೇಕಂತ್ಲೇ ಫ್ಯಾನಿನ ಗಾಳೀಲಿ ಇಟ್ಟಿರ್ತಾರೆ, ತನ್ನ ಶಾಖ ತಾನೇ ಆರಿಸ್ಕೊಳ್ಲಿ ಅಂತ. ಗಾಳಿ ಕಮ್ಮಿಯಾದ್ರೆ ಅದು ಕಾದು ಕಾದು, ಬೆಂಕಿ ಹತ್ತೋ ಮುಂಚೆ ಫ್ಯೂಸು ತಾನು ಸತ್ತು ಗಾಡಿ ಉಳಿಸತ್ತೆ. ಅದಕ್ಕೇ ಹೇಳ್ತೀನಿ, ಯಾರಾದ್ರೂ ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿ ಕೊಡ್ತೀನಿ ಅಂದ್ರೆ ಖಂಡಿತಾ ಬೇಡ ಅನ್ನಿ.

ಹೊಸ ರೆಸಿಸ್ಟರ್ 650, ಕೂಲಿ 300. ಸ್ವಿಚ್ಚು ಒಂದಕ್ಕೆ ತಿರುಗಿಸಿದೆ. ಮೆಲ್ಲಗೆ, ಬೀಸಣಿಗೆ ಗಾಳಿ ಹಾಗೆ ಬಂತು. ನಮ್ಮ ಮನೆಯವರು ಏನೂ ಮಾತಾಡ್ಲಿಲ್ಲ, ಮಾರನೇ ದಿನದಿಂದ ಕಾರನ್ನ ಮರದಿಂದ ದೂರ ನಿಲ್ಲಿಸ್ತಿದಾರೆ.

ನಿಮ್ಮ ಕಾರಿನ ಫ್ಯಾನು ಕೊನೇ ನಂಬರಲ್ಲಿ ಮಾತ್ರ ಓಡ್ತಿದ್ರೆ ಮೊದಲು ರೆಸಿಸ್ಟರ್ ಕೇಳಿ. ಯಾವ ನಂಬರಲ್ಲೂ ಓಡದಿದ್ರೆ ಫ್ಯೂಸು, ಸ್ವಿಚ್ಚು, ಮೋಟರು ಒಂದೊಂದಾಗಿ ನೋಡಿಸಿ. 'ನಿಮಗೆ ಗೊತ್ತಾಗಲ್ಲ' ಅಂದ್ರೆ ಅಜ್ಜಿ ಮನೆ ಗೋಡೆ ನೆನಪು ಮಾಡ್ಕೊಳ್ಳಿ. ಶ್ರಾವಣದಲ್ಲಿ ಹುಡುಗೀನ ವಾಪಸ್ ಬಿಡೋಕೆ ಅದೇ ಕಾರಲ್ಲಿ ಮಡಿಕೇರಿಗೆ ಹೋದ್ವಿ. ಸುಂಟಿಕೊಪ್ಪದಲ್ಲಿ ಮತ್ತೆ ಅದೇ ಮಳೆ. ಗಾಜು ತಿಳಿಯಾಗಿತ್ತು, ಅಮ್ಮ ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ಲು.