ನೀಲಿ ಕೋಟಿನಿಂದ ವಿದ್ಯಾವಿಕಾಸದವರೆಗೆ: ಶಾಲಾ ಸಮವಸ್ತ್ರದ ಇತಿಹಾಸ

ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಬೇಕೇ ಬೇಡವೇ ಎಂಬುದು ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಬಹಳ ಹಳೆಯ ವಿಷಯ. ಪರವಾಗಿ ಮಾತನಾಡುವ ವಿದ್ಯಾರ್ಥಿ ಬಡವ ಬಲ್ಲಿದ ಭೇದ ಅಳಿಯುತ್ತದೆ ಎನ್ನುತ್ತಾನೆ. ವಿರೋಧವಾಗಿ ಮಾತನಾಡುವವಳು ವ್ಯಕ್ತಿ ಸ್ವಾತಂತ್ರ್ಯ ಹೋಗುತ್ತದೆ ಎನ್ನುತ್ತಾಳೆ. ಇಬ್ಬರಿಗೂ ಚಪ್ಪಾಳೆ ಸಿಗುತ್ತದೆ, ಒಬ್ಬರಿಗೆ ಬಹುಮಾನವೂ ಸಿಗುತ್ತದೆ. ಈ ಬಟ್ಟೆ ಮೊದಲು ಯಾರ ಮೈಮೇಲೆ ಬಂತು, ಅದನ್ನು ಕೊಟ್ಟವರು ಯಾರು, ಏಕೆ ಕೊಟ್ಟರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ತೀರ್ಪುಗಾರರ ಕುರ್ಚಿಯಲ್ಲಿ ಹಲವು ಬಾರಿ ಕುಳಿತಿರುವ ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಐದನೇ ತರಗತಿಯ ಒಬ್ಬ ಹುಡುಗ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಆ ಹುಡುಗ ಬಣ್ಣದ ಅಂಗಿ ತೊಟ್ಟು ನಿಂತಿದ್ದ. ಶಿಸ್ತಿನ ಹುರುಪಿನಲ್ಲಿದ್ದ ನಾನು ಅವನನ್ನು ಮನೆಗೆ ಕಳಿಸಿದೆ. ಮೂರು ದಿನ ಅವನು ಬರಲಿಲ್ಲ. ನಾಲ್ಕನೆಯ ದಿನ ಬೀಡಿ ಕಟ್ಟುವ ಅವನ ತಾಯಿ ಬಂದು, “ಕಪ್ಡಾ ಆಯಾ ಮಾಸ್ಟರ್ ಸಾಬ್, ಸಿಲಾಯಿಕು ಪೈಸೆ ನೈ” ಎಂದರು. ಸರ್ಕಾರದ ಬಟ್ಟೆ ಬಂದಿತ್ತು, ದರ್ಜಿಗೆ ಕೊಡಲು ಕೂಲಿ ಇರಲಿಲ್ಲ. ಶನಿವಾರ ಬೀಡಿಯ ಲೆಕ್ಕವಾದ ಮೇಲೆ ಹೊಲಿಸುತ್ತೇನೆ, ಅಲ್ಲಿಯವರೆಗೆ ಕೂರಿಸಿಕೊಳ್ಳಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು. ಮಗುವಿಗೆ ಉಪಕಾರವೆಂದು ಕೊಟ್ಟ ಬಟ್ಟೆಯೇ ಮಗುವನ್ನು ಹೊರಗೆ ನಿಲ್ಲಿಸಿತ್ತು. ನಿಲ್ಲಿಸಿದವನು ನಾನು.

ಶಾಲಾ ಸಮವಸ್ತ್ರದ ಕಥೆ ಸಾಮಾನ್ಯವಾಗಿ ಲಂಡನ್ನಿನಿಂದ ಆರಂಭವಾಗುತ್ತದೆ. 1552ರಲ್ಲಿ, ಬಾಲಕ ರಾಜ ಆರನೇ ಎಡ್ವರ್ಡನ ಕಾಲದಲ್ಲಿ, ಸನ್ಯಾಸಿಗಳು ಬಿಟ್ಟುಹೋಗಿದ್ದ ಒಂದು ಮಠದ ಕಟ್ಟಡದಲ್ಲಿ ಬೀದಿಯ ಅನಾಥ ಮಕ್ಕಳಿಗಾಗಿ ‘ಕ್ರೈಸ್ಟ್ಸ್ ಹಾಸ್ಪಿಟಲ್’ ಎಂಬ ಸಂಸ್ಥೆ ತೆರೆಯಿತು. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ಆಸ್ಪತ್ರೆಯಲ್ಲ. ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಮೂರನ್ನೂ ಕೊಡುತ್ತಿದ್ದ ಮನೆ. ಚಿಂದಿ ಉಟ್ಟು ಬಂದ ಮಕ್ಕಳಿಗೆ ಮೊದಲು ಕೊಟ್ಟಿದ್ದು ಮೈಮುಚ್ಚುವ ಬಟ್ಟೆ. ಅದು ಬಲುಬೇಗ ನೀಲಿ ಬಣ್ಣದ ಉದ್ದನೆಯ ಕೋಟಾಯಿತು. ನೀಲಿ ಏಕೆಂದರೆ ಆ ಕಾಲದಲ್ಲಿ ಅದು ಅಗ್ಗದ ಬಣ್ಣ, ಆಳುಕಾಳುಗಳು ಉಡುತ್ತಿದ್ದ ಬಣ್ಣ. ಮುಂದೆ ಇಂಗ್ಲೆಂಡಿನ ಊರೂರುಗಳಲ್ಲಿ ಧರ್ಮದತ್ತಿಯ ಶಾಲೆಗಳು ಹುಟ್ಟಿದಾಗ ಅವುಗಳಿಗೆ ‘ನೀಲಿ ಕೋಟಿನ ಶಾಲೆ’ ಎಂದೇ ಹೆಸರಾಯಿತು. ಬೀದಿಯಲ್ಲಿ ನೀಲಿ ಕೋಟು ಕಂಡರೆ ಜನರಿಗೆ ಗೊತ್ತಾಗುತ್ತಿತ್ತು, ಇದು ದಾನದ ಅನ್ನ ತಿನ್ನುವ ಮಗು ಎಂದು. ಅಂದರೆ ಸಮವಸ್ತ್ರ ಎರಡು ಮುಖ ಹೊತ್ತೇ ಹುಟ್ಟಿತು. ಒಂದು ಕಡೆ ಅದು ಆಸರೆ, ಇನ್ನೊಂದು ಕಡೆ ಹಣೆಪಟ್ಟಿ.

ವಿಚಿತ್ರವೆಂದರೆ, ಕಾಲ ಕಳೆದಂತೆ ಶ್ರೀಮಂತರ ಶಾಲೆಗಳೂ ಉಡುಪನ್ನು ಗೊತ್ತುಪಡಿಸಿದವು. 1440ರಲ್ಲಿ ಬಡ ವಿದ್ಯಾರ್ಥಿಗಳ ಓದಿಗೆಂದು ರಾಜನೇ ಸ್ಥಾಪಿಸಿದ ಈಟನ್ ಶಾಲೆ ಕ್ರಮೇಣ ಪ್ರಭುಗಳ ಮಕ್ಕಳ ಶಾಲೆಯಾಯಿತು. ಅಲ್ಲಿನ ಕಪ್ಪು ಬಾಲದ ಕೋಟು ದೊಡ್ಡಸ್ತಿಕೆಯ ಗುರುತಾಯಿತು. ಇಂಥ ಶಾಲೆಗಳನ್ನೇ ಇಂಗ್ಲಿಷರು ‘ಪಬ್ಲಿಕ್ ಸ್ಕೂಲ್’ ಎಂದು ಕರೆದರು. ಅದನ್ನು ನೋಡಿ ನಮ್ಮ ಊರಿನ ಖಾಸಗಿ ಶಾಲೆಗಳೂ ಬೋರ್ಡಿನ ಮೇಲೆ ‘ಪಬ್ಲಿಕ್’ ಎಂದು ಬರೆಸಿಕೊಂಡವು. ಪಬ್ಲಿಕ್ಕಿಗೆ ಅಲ್ಲಿ ಪ್ರವೇಶವಿದೆಯೇ ಎಂಬುದು ಶುಲ್ಕದ ರಸೀದಿ ನೋಡಿದವರಿಗೆ ಗೊತ್ತು! ಹೀಗೆ ದಾನದ ಗುರುತಾಗಿದ್ದ ಬಟ್ಟೆ ಪ್ರತಿಷ್ಠೆಯ ಗುರುತೂ ಆಯಿತು. ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆ 1902ರಲ್ಲಿ ಲಂಡನ್ ಬಿಟ್ಟು ಹಳ್ಳಿಗಾಡಿಗೆ ಹೋದರೂ ನೀಲಿ ಕೋಟನ್ನು ಬಿಡಲಿಲ್ಲ. ಅದನ್ನು ಮಕ್ಕಳಿಗೆ ಉಚಿತವಾಗಿ ಕೊಡುವ ಪದ್ಧತಿಯನ್ನೂ ಬಿಡಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವಾಗಿ ನೆನೆಯಬೇಕಾದ ಊರು ಅಲೀಗಢ. ಸರ್ ಸೈಯದ್ ಅಹ್ಮದ್ ಖಾನರು 1869-70ರಲ್ಲಿ ಇಂಗ್ಲೆಂಡಿನಲ್ಲಿದ್ದು ಅಲ್ಲಿನ ವಿದ್ಯಾಸಂಸ್ಥೆಗಳನ್ನು ಕಣ್ಣಾರೆ ಕಂಡು ಬಂದರು. 1875ರ ಮೇ 24ರಂದು ಅಲೀಗಢದಲ್ಲಿ ಮದರಸತುಲ್ ಉಲೂಮ್ ಆರಂಭವಾಯಿತು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಾಲೇಜಿನ ಶಂಕುಸ್ಥಾಪನೆ ಮಾಡಿದ. ಅಲ್ಲಿನ ಹುಡುಗರಿಗೆ ಗೊತ್ತುಪಡಿಸಿದ ಉಡುಪು ಕಪ್ಪು ಟರ್ಕಿ ಕೋಟು ಮತ್ತು ಕೆಂಪು ತುರ್ಕಿ ಟೋಪಿ. ನವಾಬರ ಜರತಾರಿ ಅಂಗರಖಾ ಅಲ್ಲ, ಇಂಗ್ಲಿಷರ ಸೂಟು ಹ್ಯಾಟೂ ಅಲ್ಲ. ಆ ಕಾಲಕ್ಕೆ ತುರ್ಕಿ ಟೋಪಿ ಸಾಕಷ್ಟು ಹೊಸದು. ಸುಲ್ತಾನ ಎರಡನೇ ಮಹಮೂದ್ 1829ರಲ್ಲಿ ತನ್ನ ಅಧಿಕಾರಿಗಳ ತಲೆಯ ಮೇಲಿನ ಪೇಟ ಇಳಿಸಿ ಈ ಟೋಪಿ ಇಡಿಸಿದ್ದ. ಹಾಗಾಗಿ ಅದು ಸಂಪ್ರದಾಯದ ಗುರುತಾಗಿರದೆ ಸುಧಾರಣೆಯ ಗುರುತಾಗಿತ್ತು. ಇದೇ ಟೋಪಿಯನ್ನು 1925ರಲ್ಲಿ ಮುಸ್ತಫಾ ಕಮಾಲ್ ಪಾಷಾನ ಸರ್ಕಾರ ಹಿಂದುಳಿದವರ ಗುರುತೆಂದು ಕಾನೂನು ಮಾಡಿ ತೆಗೆಸಿತು. ನೂರು ವರ್ಷದೊಳಗೆ ಒಂದೇ ಟೋಪಿ ಆಧುನಿಕವೂ ಆಯಿತು, ಹಳತೂ ಆಯಿತು. ಬಟ್ಟೆಯ ಅರ್ಥ ಬಟ್ಟೆಯಲ್ಲಿರುವುದಕ್ಕಿಂತ ಅದನ್ನು ಹಾಕಿಸುವವರ ಮತ್ತು ತೆಗೆಸುವವರ ಕಣ್ಣಿನಲ್ಲಿ ಹೆಚ್ಚಾಗಿರುತ್ತದೆ. ಮುಂದೆ ಅಲೀಗಢದ ಗುರುತು ಕಪ್ಪು ಶೇರ್ವಾನಿಯಾಯಿತು.

ಅಲೀಗಢದ ಇನ್ನೊಂದು ಸಂಗತಿ ನನಗೆ ಟೋಪಿಗಿಂತ ದೊಡ್ಡದಾಗಿ ಕಾಣುತ್ತದೆ. 1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ವಿರೋಧ ಕಡಿಮೆಯಿರಲಿಲ್ಲ. ಹುಡುಗಿಯರು ಪರದೆ ಕಟ್ಟಿದ ಡೋಲಿಗಳಲ್ಲಿ ಶಾಲೆಗೆ ಬರುತ್ತಿದ್ದರು. ಪರದೆ ತೆಗೆದು ಬನ್ನಿ, ಆಮೇಲೆ ಪಾಠ ಹೇಳುತ್ತೇವೆ ಎಂದು ಆ ದಂಪತಿ ಪಟ್ಟು ಹಿಡಿದಿದ್ದರೆ ಶಾಲೆಯ ಕೊಠಡಿ ಖಾಲಿ ಉಳಿಯುತ್ತಿತ್ತು. ಅವರು ಹುಡುಗಿಯರನ್ನು ಮೊದಲು ಒಳಗೆ ಕರೆದರು. ಆ ಪುಟ್ಟ ಶಾಲೆಯೇ ಬೆಳೆದು ಮಹಿಳಾ ಕಾಲೇಜಾಯಿತು, ಅಲ್ಲಿಂದ ಲೇಖಕಿಯರು, ವೈದ್ಯೆಯರು, ಅಧ್ಯಾಪಕಿಯರು ಹೊರಬಂದರು.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ನಿಜವಾಗಿ ಸರ್ಕಾರಿ ಶಾಲೆಯೇ, ಆದರೆ ಬಹುಕಾಲ ಸಮವಸ್ತ್ರದ ರೂಢಿಯಿರಲಿಲ್ಲ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧಕ್ಕೆ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಾಗ ಶಾಲೆಯವರು ಅವರನ್ನು ಹೊರಗೆ ಕಳಿಸಿದರು. 1969ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಪಾಠಕ್ಕೆ ಅಡ್ಡಿಯಾಗದಿದ್ದರೆ ವಿದ್ಯಾರ್ಥಿಯ ಹಕ್ಕು ಶಾಲೆಯ ಗೇಟಿನಲ್ಲಿ ಮುಗಿಯುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಕಾಲು ಶತಮಾನದ ನಂತರ ಗಾಳಿ ತಿರುಗಿತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಪುಂಡರ ಗುಂಪುಗಳು ಕೆಂಪು, ನೀಲಿ ಎಂದು ಬಣ್ಣ ಹಂಚಿಕೊಂಡಿದ್ದವು. ತಪ್ಪು ಬಣ್ಣದ ಅಂಗಿ ತೊಟ್ಟ ಮಗುವಿನ ಜೀವಕ್ಕೆ ಅಪಾಯವಿತ್ತು. 1994ರಲ್ಲಿ ಅಲ್ಲಿನ ಶಾಲಾ ಆಡಳಿತ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಸಮವಸ್ತ್ರ ಕಡ್ಡಾಯ ಮಾಡಿತು. ಬೇಡವೆನ್ನುವ ಪೋಷಕರು ಅರ್ಜಿ ಕೊಟ್ಟು ವಿನಾಯಿತಿ ಪಡೆಯಬಹುದಿತ್ತು. ಶಾಲೆಗಳಲ್ಲಿ ಅಪರಾಧ ಇಳಿಯಿತೆಂಬ ಸುದ್ದಿ ಬಂತು, 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶಕ್ಕೆಲ್ಲ ಇದನ್ನು ಮಾದರಿಯಾಗಿ ತೋರಿಸಿದರು. ಆದರೆ 1998ರಲ್ಲಿ ಬ್ರನ್ಸ್ಮಾ ಮತ್ತು ರಾಕೆಮೋರ್ ಎಂಬ ಸಂಶೋಧಕರು ದೇಶದ ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿದಾಗ, ಹಾಜರಾತಿಯ ಮೇಲಾಗಲಿ ನಡತೆಯ ಮೇಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ. ಸಮವಸ್ತ್ರದಿಂದಲೇ ಶಿಸ್ತು ಬರುತ್ತದೆ ಎಂದು ಭಾಷಣ ಮಾಡುವ ನಾವು, ಶಿಕ್ಷಕರು, ಇದನ್ನು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಎರಡು ಮೊಕದ್ದಮೆಗಳು ನಮಗೆ ಹತ್ತಿರದವು. 1983ರಲ್ಲಿ ಪೇಟ ಕಟ್ಟಿದ ಸಿಖ್ ಬಾಲಕನಿಗೆ ಪ್ರವೇಶ ನಿರಾಕರಿಸಿದ ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯ ಕ್ರಮ ತಪ್ಪೆಂದು ಅಲ್ಲಿನ ಉನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಹೇಳಿತು. 2006ರಲ್ಲಿ ಲೂಟನ್ ಪಟ್ಟಣದ ಸರ್ಕಾರಿ ಶಾಲೆಯ ವಿಚಾರ ಬಂತು. ಆ ಶಾಲೆಯ ಬಹುಪಾಲು ಮಕ್ಕಳು ಮುಸ್ಲಿಮರು. ಶಾಲೆಯವರು ಪೋಷಕರನ್ನೂ ಮಸೀದಿಗಳನ್ನೂ ವಿಚಾರಿಸಿ ಸಲ್ವಾರ್ ಕಮೀಜನ್ನು ಸಮವಸ್ತ್ರಕ್ಕೆ ಸೇರಿಸಿದ್ದರು, ಶಾಲೆಯ ಬಣ್ಣದ ತಲೆವಸ್ತ್ರಕ್ಕೂ ಅವಕಾಶ ಕೊಟ್ಟಿದ್ದರು. ಒಬ್ಬ ವಿದ್ಯಾರ್ಥಿನಿ ಇದಕ್ಕಿಂತ ಉದ್ದನೆಯ ಜಿಲ್ಬಾಬ್ ಬೇಕೆಂದು ನ್ಯಾಯಾಲಯಕ್ಕೆ ಹೋದಳು. ತೀರ್ಪು ಶಾಲೆಯ ಪರವಾಗಿ ಬಂತು. ಗೆದ್ದವರು ಯಾರು ಎಂಬುದನ್ನಷ್ಟೇ ನೋಡಿದರೆ ಸಾಲದು. ಗೆದ್ದ ಶಾಲೆ ಮೊದಲೇ ಜನರನ್ನು ಕೇಳಿ, ತಲೆವಸ್ತ್ರಕ್ಕೆ ಜಾಗ ಕೊಟ್ಟ ಶಾಲೆ. ಫ್ರಾನ್ಸಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ತಲೆವಸ್ತ್ರ ನಿಷೇಧಿಸಿದಾಗ ಆ ಶಾಲೆಗಳಲ್ಲಿ ಸಮವಸ್ತ್ರವೇ ಇರಲಿಲ್ಲ. ಅಂದಮೇಲೆ ಸಮವಸ್ತ್ರದ ಪ್ರಶ್ನೆ ಬೇರೆ, ತಲೆವಸ್ತ್ರದ ಪ್ರಶ್ನೆ ಬೇರೆ. ಒಂದರ ಹೆಸರು ಹೇಳಿ ಇನ್ನೊಂದನ್ನು ತೀರ್ಮಾನಿಸಿದಾಗಲೇ ಗೊಂದಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕ ಶಿಕ್ಷಣ ಅಧಿನಿಯಮ 1983ರದು, ಅದರಡಿಯ 1995ರ ನಿಯಮಾವಳಿಯಲ್ಲಿ ಸಮವಸ್ತ್ರದ ಮಾತಿದೆ. ಶಾಲೆ ಸಮವಸ್ತ್ರ ಗೊತ್ತುಪಡಿಸಬಹುದು, ಆದರೆ ಒಮ್ಮೆ ಗೊತ್ತುಪಡಿಸಿದ್ದನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ತಂದೆ ತಾಯಿಯ ಜೇಬಿನ ಚಿಂತೆ ಈ ನಿಯಮದೊಳಗೇ ಇದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಬಂತು, ಅದರ ಒಂದು ಪಾಲನ್ನು ನಮ್ಮ ರಾಜ್ಯದ ಕೈಮಗ್ಗದ ನೇಕಾರರೇ ನೇಯ್ದರು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಸರ್ವ ಶಿಕ್ಷಾ ಅಭಿಯಾನದಲ್ಲಿ ಎರಡು ಜೊತೆಗೆ ವರ್ಷಕ್ಕೆ 400 ರೂಪಾಯಿ ಎಂದಿತ್ತು, 2018ರ ಸಮಗ್ರ ಶಿಕ್ಷಣದಲ್ಲಿ ಅದು 600 ರೂಪಾಯಿ ಆಯಿತು. ದರ್ಜಿಯ ಅಂಗಡಿಗೆ ಹೋಗಿ ಬಂದವರು ಈ ಲೆಕ್ಕ ಹಾಕಿ ನೋಡಲಿ. ಎರಡನೇ ಜೊತೆ ಸಿಗದ ಮಕ್ಕಳ ಪ್ರಶ್ನೆ ಹೈಕೋರ್ಟಿನವರೆಗೂ ಹೋಗಿ, 2019ರಲ್ಲಿ ಎರಡು ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಬೇಕೆಂದು ನ್ಯಾಯಾಲಯ ಸರ್ಕಾರಕ್ಕೆ ಆದೇಶಿಸಬೇಕಾಯಿತು.

2022ರ ಸಂಗತಿ ನಮ್ಮ ವಿದ್ಯಾರ್ಥಿನಿಯರಿಗೆ ನಾನು ಹೇಳಿ ತಿಳಿಯಬೇಕಾದ್ದಲ್ಲ. ಉಡುಪಿಯಲ್ಲಿ ಆರಂಭವಾದ ವಿವಾದ, ಫೆಬ್ರವರಿ 5ರ ಸರ್ಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಒಪ್ಪಲಿಲ್ಲ, ಹೆಣ್ಣುಮಗುವಿನ ಓದು ತಮ್ಮ ಮನಸ್ಸಿನಲ್ಲಿದ್ದ ಮುಖ್ಯ ಪ್ರಶ್ನೆ ಎಂದರು. ಕಾನೂನಿನ ವಿಚಾರವನ್ನು ಕಾನೂನು ಬಲ್ಲವರು ಬರೆಯಲಿ. ತರಗತಿಯಲ್ಲಿ ಹಾಜರಿ ಪುಸ್ತಕ ತೆರೆಯುವವನಾಗಿ ನಾನು ಹೇಳಬಲ್ಲದ್ದು ಇಷ್ಟು: ಆ ತಿಂಗಳುಗಳಲ್ಲಿ ಗೇಟಿನಾಚೆ ನಿಂತ ಹುಡುಗಿಯರು ಸಮವಸ್ತ್ರ ಬೇಡವೆಂದು ಹೇಳುತ್ತಿರಲಿಲ್ಲ. ಸಮವಸ್ತ್ರ ತೊಟ್ಟೇ ನಿಂತಿದ್ದರು.

ಹಾಗಾದರೆ ಸಮವಸ್ತ್ರ ಬೇಕೇ? ನನ್ನ ಉತ್ತರ, ಬೇಕು. ಈದ್‌ಗೆ ಹೊಲಿಸಿದ ಒಂದೇ ಒಳ್ಳೆಯ ಅಂಗಿ ಇರುವ ಮಗುವಿಗೆ ದಿನವೂ ಶಾಲೆಗೆ ಏನು ತೊಡಲಿ ಎಂಬ ಸಂಕಟ ತಪ್ಪಿಸುವುದಕ್ಕಾದರೂ ಬೇಕು. ಆದರೆ ಬಟ್ಟೆ ಇಲ್ಲವೆಂದೋ, ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಇದೆಯೆಂದೋ ಮಗುವನ್ನು ವಾಪಸು ಕಳಿಸುವ ಅಧಿಕಾರ ಅದರ ಜೊತೆಗೆ ಬರಬಾರದು. ಇಂಗ್ಲೆಂಡು ಕೂಡ 2021ರಲ್ಲಿ ಕಾನೂನು ಮಾಡಿ, ಸಮವಸ್ತ್ರದ ಖರ್ಚು ಪೋಷಕರಿಗೆ ಹೊರೆಯಾಗದಂತೆ ನೋಡಿಕೊಳ್ಳಲು ಶಾಲೆಗಳಿಗೆ ಹೇಳಿತು. ಹಳೆಯ ಸಮವಸ್ತ್ರವನ್ನು ಸಂಗ್ರಹಿಸಿ ಬೇರೆ ಮಕ್ಕಳಿಗೆ ಕೊಡುವ ವ್ಯವಸ್ಥೆಯೂ ಅದರ ಮಾರ್ಗದರ್ಶನದಲ್ಲಿ ಸೇರಿದೆ.

ನಮ್ಮ ಶಾಲೆಯಲ್ಲೂ ಅಂಥದ್ದೊಂದು ಬೀರು ಇದೆ. ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳು ಒಗೆದು ಮಡಿಚಿದ ಅಂಗಿಗಳನ್ನು ಮಾರ್ಚ್ ತಿಂಗಳಲ್ಲಿ ಕೊಟ್ಟುಹೋಗುತ್ತಾರೆ. ಜೂನ್ ತಿಂಗಳಲ್ಲಿ, ಸರ್ಕಾರದ ಬಟ್ಟೆ ಬರುವವರೆಗೆ, ಅದರ ಬಾಗಿಲು ತೆರೆದಿರುತ್ತದೆ. ಯಾರು ತೆಗೆದುಕೊಂಡರೆಂದು ಬರೆದಿಡುವುದಿಲ್ಲ. ಸಂಘದ ಸದಸ್ಯರಲ್ಲಿ ಹೊಲಿಗೆ ಯಂತ್ರವುಳ್ಳವರು ಜೂನ್ ತಿಂಗಳ ಎರಡು ಭಾನುವಾರ ಶಾಲೆಗೆ ಬಂದರೆ, ಉದ್ದ ಗಿಡ್ಡ ಸರಿಪಡಿಸುವ ಕೆಲಸ ಸಾಕಷ್ಟಿದೆ. ಗುಂಡಿಗಳನ್ನು ನಾವು ಶಿಕ್ಷಕರೇ ಹಾಕಿಕೊಳ್ಳುತ್ತೇವೆ.